ಏಳು ಸೋಮವಾರ

ನನ್ನ ಮಗಳು ಕಸ್ತೂರಿಗೆ ರೈಲು ಕೇಳಿಸುವುದು ನಿಂತಿದೆ ಎಂಬುದು ನನಗೆ ಸಂಕ್ರಾಂತಿಯಾದ ವಾರದಲ್ಲೇ ಗೊತ್ತಾಗಿತ್ತು. ಗೊತ್ತಾಗಿಲ್ಲವೆಂದು ನನಗೆ ನಾನೇ ಹೇಳಿಕೊಂಡು ಏಳು ವಾರ ಕಳೆದೆ. ಆಮೇಲೆ ಊರಿನವರು ತಪ್ಪನ್ನೆಲ್ಲ ಹನ್ನೆರಡು ವರ್ಷದ ಹುಡುಗಿಯ ಮೇಲೆ ಹೊರಿಸಲು ಹೊರಟಾಗ ನಾನು ಒಂದು ಹಗಲು ಸುಮ್ಮನೆ ಕುಳಿತಿದ್ದೆ. ಅದನ್ನೂ ಸೇರಿಸಿ ಹೇಳುತ್ತೇನೆ.

ನಮ್ಮ ಊರಿನಲ್ಲಿ ದೊಡ್ಡವರಿಗೆ ರೈಲು ಕೇಳಿಸುವುದಿಲ್ಲ. ಹನ್ನೆರಡು, ಹದಿಮೂರು ವರ್ಷಕ್ಕೆ ಆ ಕಿವಿ ಮುಚ್ಚುತ್ತದೆ. ಉಳಿದದ್ದೆಲ್ಲ ಕೇಳಿಸುತ್ತದೆ, ಬೀಸುವ ಕಲ್ಲು, ಕೋಳಿ, ಪಕ್ಕದ ಮನೆಯ ಜಗಳ. ರೈಲು ಮಾತ್ರ ಇಲ್ಲ. ಅದರ ಸೀಟಿಯೂ ಇಲ್ಲ, ಕಾಲಡಿಯ ನಡುಕವೂ ಇಲ್ಲ. ನನ್ನ ಕಿವಿ ಮುಚ್ಚಿದ್ದು ಸೋದರತ್ತೆಯ ಮದುವೆಯ ಊಟದ ಪಂಕ್ತಿಯಲ್ಲಿ. ಎದುರಿಗೆ ಕುಳಿತ ಮಕ್ಕಳೆಲ್ಲ ಒಟ್ಟಿಗೆ ಕತ್ತು ಹೊರಳಿಸಿದರು, ನಾನೊಬ್ಬಳು ಹೋಳಿಗೆ ಮುರಿಯುತ್ತಲೇ ಇದ್ದೆ. ಅವ್ವ ದೂರದಿಂದ ನೋಡಿದವಳು ಬಂದು ತಲೆ ಸವರಿ, ಇನ್ನೊಂದು ಸೌಟು ತುಪ್ಪ ಬಡಿಸಿ ಹೋದಳು. ಮಾರನೆಯ ದಿನದಿಂದ ತಮ್ಮನ ಕೈ ಹಿಡಿದು ಹಳಿ ದಾಟತೊಡಗಿದೆ.

ದೊಡ್ಡವರು ಮಕ್ಕಳನ್ನು ನೋಡಿಕೊಂಡೇ ರೈಲು ತಿಳಿಯುತ್ತಾರೆ. ಮಾತಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೂಗಿ ಮಾತಾಡಲು ಶುರುಮಾಡಿದರೆ ಗಾಡಿ ಹೋಗುತ್ತಿದೆ ಎಂದರ್ಥ. ಮತ್ತೆ ಸಣ್ಣ ದನಿಗೆ ಬಂದರೆ ಹೋಯಿತು. ಓಣಿಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೊಸದಾಗಿ ಬಂದ ಸೊಸೆಯರು ಒಂದೆರಡು ತಿಂಗಳಲ್ಲಿ ತಾವೇ ಕಲಿಯುತ್ತಾರೆ.

ಹಳಿಯ ಈಚೆ ನಮ್ಮ ಕೆಳಗಿನ ಓಣಿ. ಆಚೆ ಸಾಲೆ, ಸಂತೆ, ದವಾಖಾನೆ, ಊರಿನ ಉಳಿದದ್ದೆಲ್ಲ. ಗಾಡಿ ನಮ್ಮಲ್ಲಿ ನಿಲ್ಲುವುದಿಲ್ಲ. ಬಂಡೆ ಕಡಿದು ಮಾಡಿದ ದಾರಿಯೊಳಗಿಂದ ತಿರುವು ಹೊಡೆದು ಹೊರಬರುತ್ತದೆ, ಇಂಜಿನ್ನು ಕಣ್ಣಿಗೆ ಬಿದ್ದ ಮೇಲೆ ಹತ್ತು ಎಣಿಸುವಷ್ಟರಲ್ಲಿ ನಿಮ್ಮ ಮುಂದಿರುತ್ತದೆ. ಗೇಟು ಬೇಕೆಂದು ನಮ್ಮ ಅಜ್ಜಂದಿರು ಬರೆದ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಕಲ್ಲಿನ ಕ್ವಾರಿಯ ಹತ್ತಿರ ಒಂದು ಸೇತುವೆ ಇದೆ, ಅದನ್ನು ಸುತ್ತಿ ಬರಲು ಒಂದೂವರೆ ತಾಸು ಬೇಕು. ಹಾಗಾಗಿ ಎಲ್ಲರೂ ಮಗುವಿನ ಕೈ ಹಿಡಿದೇ ದಾಟುತ್ತಾರೆ. ಏಳು ತುಂಬದ ಮಗುವನ್ನು ನಂಬಿ ದಾಟುವಂತಿಲ್ಲ. ಅವಕ್ಕೆ ಕೇಳಿಸುತ್ತದೆ, ಹೇಳಬೇಕೆಂಬ ಬುದ್ಧಿ ಇರುವುದಿಲ್ಲ. ಏಳು ತುಂಬಿದ ಮೇಲೆ ಪ್ರತಿ ಸೋಮವಾರ ಹೆತ್ತವರು ಮಗುವಿನ ಕಿವಿ ನೋಡಬೇಕು. ಹಳೇ ಗೋದಾಮಿನ ಗೋಡೆಗೆ ಮುಖ ಮಾಡಿ, ಹಳಿಗೆ ಬೆನ್ನು ಕೊಟ್ಟು ಮಗುವನ್ನು ನಿಲ್ಲಿಸುವುದು. ಇಂಜಿನ್ನು ತಿರುವಿನಲ್ಲಿ ಕಾಣುವ ಮೊದಲೇ ಮಗು ಕೈ ಎತ್ತಿದರೆ ಕಿವಿ ಸರಿ. ಸಾಲೆಯಿಂದ ಕೊಟ್ಟ ಕಿವಿ ಪುಸ್ತಕದಲ್ಲಿ ತಾರೀಖು ಹಾಕಿ ಸಹಿ ಮಾಡಬೇಕು. ಅಷ್ಟೇ ಕೆಲಸ. ಗಾಡಿಗಾಗಿ ಕಾಯುವುದೇ ತಲೆನೋವು. ಒಮ್ಮೊಮ್ಮೆ ಹತ್ತು ನಿಮಿಷ, ಒಮ್ಮೊಮ್ಮೆ ಎರಡು ತಾಸು.

ಕಸ್ತೂರಿ ನಮ್ಮ ಓಣಿಯ ಮುಂದಾಳು. ಬೆಳಿಗ್ಗೆ ಹತ್ತಕ್ಕೆ ಓಣಿಯ ಏಳು ತುಂಬದ ಒಂಬತ್ತು ಮಕ್ಕಳನ್ನು ಕೈಗೆ ಕೈ ಹಿಡಿಸಿ ಸರಪಳಿ ಮಾಡಿ ದಾಟಿಸುತ್ತಿದ್ದಳು. ಸಂಜೆ ಆರಕ್ಕೆ ನನ್ನನ್ನು. ಆಚೆಯ ಖಾನಾವಳಿಗೆ ರಾತ್ರಿ ಊಟದ ರೊಟ್ಟಿ ನನ್ನದೇ. ನನ್ನ ಗಂಡ ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗುವವನು, ಎರಡು ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ. ಮನೆಯಲ್ಲಿ ಇದ್ದ ಕಿವಿ ಒಂದೇ, ಕಸ್ತೂರಿಯದು. ಎದೆಯ ಮೇಲೆ ಮುಂದಾಳಿನ ತಗಡಿನ ಬಿಲ್ಲೆ ಸಿಕ್ಕಿಸಿಕೊಂಡು ಹೊರಟಳೆಂದರೆ ಓಣಿಯ ಮುದುಕರೂ ದಾರಿ ಬಿಡುತ್ತಿದ್ದರು.

ಸಂಕ್ರಾಂತಿಯಾದ ವಾರದ ಒಂದು ಮಧ್ಯಾಹ್ನ ಮಕ್ಕಳು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದರು. ನಾನು ಬಾಗಿಲ ಒಳಗೇ ಕುಳಿತು ಹಿಟ್ಟು ನಾದುತ್ತ ಅವರನ್ನು ನೋಡುತ್ತಿದ್ದೆ. ಎಲ್ಲ ಮಕ್ಕಳ ದನಿ ಒಮ್ಮೆಗೇ ಏರಿತು. ಕಸ್ತೂರಿಯ ದನಿಯೂ ಏರಿತು, ಆದರೆ ಒಂದು ಉಸಿರು ತಡವಾಗಿ. ಅವಳು ಮೊದಲು ಎದುರಿನ ಹುಡುಗಿಯ ಬಾಯಿ ನೋಡಿದಳು, ಆಮೇಲೆ ಕೂಗಿದಳು. ನನ್ನ ಕೈ ಹಿಟ್ಟಿನ ಪರಾತದಲ್ಲಿ ಹಾಗೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನಾದತೊಡಗಿದೆ.

ಸೋಮವಾರ ಬಂತು. ಕಸ್ತೂರಿ ಪುಸ್ತಕ ತಂದು ಒಲೆಯ ಪಕ್ಕ ಇಟ್ಟು ನಿಂತಳು. ಹೊರಡೋಣ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

“ಅವ್ವಾ,” ಎಂದಳು ಕೊನೆಗೆ, “ಸಾಲಿಗೆ ತಡಾ ಆಗೇತಿ. ಸಹಿ ಮಾಡಿ ಕೊಡತೀಯೇನು?”

“ಪೆನ್ನು ಎಲ್ಲೈತಿ?” ಎಂದೆ ನಾನು.

ಹುಡುಕಿ ಸಹಿ ಹಾಕಿದೆ. ಮುಂದಿನ ಸೋಮವಾರ ಅವಳು ಪುಸ್ತಕದ ಜೊತೆ ಪೆನ್ನನ್ನೂ ತಂದಿಟ್ಟಳು.

ನನ್ನ ಮನಸ್ಸಿನಲ್ಲಿ ಲೆಕ್ಕವಿಲ್ಲದಷ್ಟು ಸಮಾಧಾನಗಳಿದ್ದವು. ಒಂದು ಉಸಿರು ತಡವಾದದ್ದು ಆಟದ ಗದ್ದಲಕ್ಕೆ ಇರಬಹುದು. ಕಿವಿ ಒಂದೇ ಸಲಕ್ಕೆ ಪೂರ್ತಿ ಮುಚ್ಚುವುದಿಲ್ಲ, ಬಂದು ಹೋಗಿ ಮಾಡುತ್ತದೆ ಎಂದು ಯಾರೋ ಹೇಳಿದ್ದರು. ಬೇಸಿಗೆ ರಜೆ ಬಂದರೆ ಹೇಗೂ ಹೊಸ ಮುಂದಾಳು ಬರುತ್ತಾಳೆ. ಅಲ್ಲಿಯವರೆಗೆ ಸೇತುವೆ ಸುತ್ತಿ ಹೋದರೆ ರೊಟ್ಟಿ ಆರಿ ಚರ್ಮವಾಗುತ್ತದೆ, ಖಾನಾವಳಿಯವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಸಮಾಧಾನಗಳೆಲ್ಲ ಕೊನೆಗೆ ಆ ರೊಟ್ಟಿಯ ಬುಟ್ಟಿಗೇ ಬಂದು ನಿಲ್ಲುತ್ತಿದ್ದವು.

ಸಂಜೆ ನನ್ನ ಕೈ ಹಿಡಿದು ಹಳಿಯ ಹತ್ತಿರ ನಿಂತಾಗ ಅವಳ ಅಂಗೈ ಬೆವೆತಿರುತ್ತಿತ್ತು. ಮೊದಲು ಹಾಗಿರಲಿಲ್ಲ. “ಹಿಂದ ಮಂದಿ ಬರಾಕತ್ತಾರ, ಅವರೂ ಬರಲಿ ಅವ್ವಾ, ಕೂಡೇ ಹೋಗೂಣು,” ಎನ್ನುತ್ತಿದ್ದಳು. ಸಣ್ಣ ಮಗುವೊಂದನ್ನು ಎತ್ತಿಕೊಂಡವರು ಯಾರಾದರೂ ಬರುವತನಕ ಕಾಯುತ್ತಿದ್ದಳು, ಆ ಮಗುವಿನ ಮುಖವನ್ನೇ ನೋಡುತ್ತಿದ್ದಳು, ಆಮೇಲೆ “ಬಾ ಈಗ” ಎನ್ನುತ್ತಿದ್ದಳು. ನಾನು ನನ್ನ ಮಗಳ ಮುಖ ನೋಡುತ್ತ ದಾಟುತ್ತಿದ್ದೆ. ಹಳಿಯ ನಡುವೆ ಬಂದಾಗ ಅವಳ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದೆ. ಆಚೆ ತಲುಪಿದ ಕೂಡಲೇ ಆ ಅಂಜಿಕೆಯನ್ನು ಮರೆಯುತ್ತಿದ್ದೆ.

ಏಳನೆಯ ಸಹಿ ಹಾಕಿದ ಮಾರನೆಯ ದಿನ ಸಂಜೆ, ಪಕ್ಕದ ಮನೆಯ ರೇಣವ್ವ ಬಂದಳು. ಅವಳ ಮಗಳು ಮುತ್ತುವಿಗೆ ಐದು ವರ್ಷ, ಕಸ್ತೂರಿಯ ಸರಪಳಿಯಲ್ಲಿ ಎಲ್ಲರಿಗಿಂತ ಚಿಕ್ಕವಳು. ರೇಣವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು, ಒಳಗೆ ಬರಲಿಲ್ಲ.

“ಹೂವಕ್ಕಾ, ಒಂದ ಮಾತ ಕೇಳ್ಲೇನು? ಸಿಟ್ಟಾಗಬ್ಯಾಡ.”

“ಕೇಳ ಬೇ.”

“ನಮ್ಮ ಮುತ್ತು ಏನೋ ಅಂತೈತಿ. ಹಳಿ ದಾಟೂ ಮುಂದ ಕಸ್ತೂರಕ್ಕ ನನ್ನ ಮಾರೀನ ನೋಡ್ಕೋತ ನಿಂದರತಾಳ ಅಂತ. ಸಣ್ಣ ಹುಡುಗ್ಯಾರ ಮಾತು, ಖರೆ. ಆದರೂ ಮನಸಿನಾಗ ಹೊಕ್ಕತು. ನಿನ್ನೆ ಸೋಮವಾರ ನೀ ಕಿವಿ ನೋಡೀ ಹೌದಿಲ್ಲೋ?”

ಕಸ್ತೂರಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ನೀರಿನ ಸದ್ದು ನಿಂತಿತು.

“ನೋಡೇನಿ,” ಎಂದೆ. “ಬರೋಬ್ಬರಿ ಐತಿ.”

“ನೀ ಹೇಳಿದ ಮ್ಯಾಲ ಮುಗೀತು ಬಿಡು,” ಎಂದು ರೇಣವ್ವ ನಕ್ಕಳು. ನಿಜಕ್ಕೂ ಹಗುರಾಗಿ ನಕ್ಕಳು. ಆ ನಗು ನೋಡಿ ನನಗೆ ಅವಳ ಮೇಲೇ ಸಿಟ್ಟು ಬಂತು.

ಮಾರನೆಯ ದಿನ, ಬುಧವಾರ, ಮಕ್ಕಳು ಎಂದಿನಂತೆ ಹತ್ತಕ್ಕೆ ಹೊರಟರು. ನಾನು ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ಕಲಸಲು ಕುಳಿತೆ. ಆಗ ಹಳಿಯ ಕಡೆಯಿಂದ ಬ್ಯಾಂಡಿನ ಸದ್ದು ಕೇಳಿಸಿತು. ಆಚೆ ಯಾರದೋ ಮದುವೆ. ನಮ್ಮ ಓಣಿಯ ಬ್ಯಾಂಡಿನವರು ದಾಟಿಸುವ ಮಗುವಿಗೆ ಕಾಯುತ್ತ ಅಲ್ಲೇ ನಿಂತು ಬಾರಿಸುತ್ತಿದ್ದರು. ಡೋಲು, ಕಹಳೆ, ತಾಳ. ಮೊದಲು ಚೆನ್ನಾಗಿದೆ ಅನ್ನಿಸಿತು. ಆಮೇಲೆ, ಆ ಗದ್ದಲದಲ್ಲಿ ಮಕ್ಕಳು ಯಾರೂ ಕಿವಿ ಕೊಟ್ಟು ಕೇಳಲಾರರು ಎನ್ನಿಸಿತು. ಬ್ಯಾಂಡು ನೋಡಿ ನಗುತ್ತಿರುತ್ತಾರೆ. ಕಸ್ತೂರಿ ಆ ನಗುವ ಮುಖಗಳನ್ನು ನೋಡುತ್ತಾಳೆ, ಗಾಡಿ ಇಲ್ಲ ಎಂದುಕೊಳ್ಳುತ್ತಾಳೆ.

ಹಿಟ್ಟಿನ ಕೈಯಲ್ಲೇ ಓಡಿದೆ. ಚಪ್ಪಲಿ ಮೆಟ್ಟಲಿಲ್ಲ. ಓಣಿಯ ತುದಿಯ ದಿಬ್ಬದ ಮೇಲಿಂದ ಬಂಡೆದಾರಿಯ ಬಾಯಿ ಸ್ವಲ್ಪ ಮುಂಚಿತವಾಗಿ ಕಾಣುತ್ತದೆ. ನಾನು ದಿಬ್ಬ ಹತ್ತುವುದಕ್ಕೂ ಬಂಡೆಗಳ ನಡುವೆ ಇಂಜಿನ್ನಿನ ಕಪ್ಪು ಮೂತಿ ಕಾಣುವುದಕ್ಕೂ ಸರಿಹೋಯಿತು. ಕೆಳಗೆ ಸರಪಳಿ ಹಳಿಯ ಮೇಲಿತ್ತು. ಮುಂದಿನವರು ಇನ್ನೇನು ದಾಟುವುದರಲ್ಲಿದ್ದರು, ಹಿಂದಿನವರು ಇನ್ನೂ ಜಲ್ಲಿಕಲ್ಲಿನ ಮೇಲಿದ್ದರು, ಕಸ್ತೂರಿ ನಡುವೆ ನಿಂತು ಒಬ್ಬೊಬ್ಬರನ್ನೇ ದಾಟಿಸುತ್ತಿದ್ದಳು. ಬ್ಯಾಂಡಿನವರು ಹಳಿಯ ಈಚೆ ಬದಿಗೆ, ತಿರುವಿಗೆ ಬೆನ್ನು ಮಾಡಿ ನಿಂತು ತಮ್ಮ ಪಾಡಿಗೆ ಊದುತ್ತಿದ್ದರು.

“ಕಸ್ತೂರೀ!” ಎಂದು ಚೀರಿದೆ. ಕಹಳೆ ನನ್ನ ದನಿಯನ್ನು ನುಂಗಿತು. ಓಡುತ್ತ ಎರಡೂ ಕೈ ಬೀಸಿದೆ. ಅವಳು ತಲೆ ಎತ್ತಿದಳು. ನನ್ನ ಮಾತು ಅವಳಿಗೆ ಕೇಳಿಸಲಿಲ್ಲ, ಮುಖ ಕಂಡಿತು. ಅವಳು ತಿರುವಿನ ಕಡೆ ನೋಡಲೂ ಇಲ್ಲ.

“ಕೈ ಬಿಡ್ರಿ! ಕೈ ಬಿಡ್ರೀ!” ಎಂದು ಅವಳು ಕೂಗಿದ್ದು ಬಾಯಿಯ ಆಕಾರದಲ್ಲೇ ನನಗೆ ತಿಳಿಯಿತು. ಏನೇ ಆದರೂ ಕೈ ಬಿಡಬೇಡಿ ಎಂದು ವರ್ಷವಿಡೀ ಕಲಿಸಿದ ಮಕ್ಕಳಿಗೆ ಅದು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅವಳೇ ಕೈಗಳನ್ನು ಕಿತ್ತು, ಮುಂದಿನವರನ್ನು ಮುಂದಕ್ಕೆ ನೂಕಿದಳು, ಹಿಂದಿನವರನ್ನು ಹಿಂದಕ್ಕೆ. ಮುತ್ತು ಮಾತ್ರ ಎರಡು ಹಳಿಗಳ ನಡುವೆ, ಎರಡೂ ಕಿವಿ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ ಕುಳಿತುಬಿಟ್ಟಳು. ಅವಳಿಗೆ ಈಗ ಕೇಳಿಸಿತ್ತು. ಕಸ್ತೂರಿ ತಿರುಗಿ ಅವಳ ಕಡೆ ಹೋದಳು. ಅಷ್ಟೇ ನಾನು ಕಂಡದ್ದು. ಗಾಡಿ ನಡುವೆ ಬಂತು.

ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿ. ನನ್ನ ಮುಖದಿಂದ ನಾಲ್ಕು ಮಾರು ದೂರದಲ್ಲಿ ಡಬ್ಬಿಯ ಹಿಂದೆ ಡಬ್ಬಿ ಹೋಗುತ್ತಿತ್ತು, ಒಂದಿಷ್ಟೂ ಸದ್ದಿಲ್ಲ. ಬ್ಯಾಂಡು ನಿಂತಿತ್ತು. ಈಚೆ ಉಳಿದ ಮೂರು ಮಕ್ಕಳು ನನ್ನ ಸೀರೆ ಹಿಡಿದು ಬಾಯಿ ತೆರೆದು ಅಳುತ್ತಿದ್ದವು. ನಾನು ನೆಲಕ್ಕೆ ಮುಖ ಹಚ್ಚಿ ಮಲಗಿ ಗಾಲಿಗಳ ಸಂದಿಯಿಂದ ಆಚೆಯ ಕಾಲುಗಳನ್ನು ಎಣಿಸತೊಡಗಿದೆ. ಐದು ಮಕ್ಕಳು ಮುಂದೆ ಹೋಗಿದ್ದರೆ ಹತ್ತು ಕಾಲು. ಮುತ್ತು, ಕಸ್ತೂರಿ ಸೇರಿದರೆ ಹದಿನಾಲ್ಕು. ಆರು ಎಣಿಸುವಷ್ಟರಲ್ಲಿ ಗಾಲಿ ಅಡ್ಡ ಬರುತ್ತಿತ್ತು. ಮತ್ತೆ ಮೊದಲಿಂದ. ಎಂಟು. ಮತ್ತೆ ಗಾಲಿ. ಒಮ್ಮೆ ಹತ್ತು ಸಿಕ್ಕಿತು. ಹತ್ತಕ್ಕಿಂತ ಹೆಚ್ಚು ಸಿಗಲೇ ಇಲ್ಲ. ಆ ಗಾಡಿ ಎಷ್ಟು ಉದ್ದವಿತ್ತೋ ನನಗೆ ಗೊತ್ತಿಲ್ಲ. ಈಗಲೂ ಅದು ಮುಗಿದಿಲ್ಲ ಎಂದು ಕೆಲವು ಸಲ ಅನ್ನಿಸುತ್ತದೆ.

ಕೊನೆಯ ಡಬ್ಬಿ ಹೋದ ಮೇಲೆ ಕಂಡದ್ದು, ಆಚೆ ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಬಿದ್ದುಕೊಂಡಿದ್ದ ಕಸ್ತೂರಿ. ಅವಳ ಮೈಯ ಕೆಳಗೆ ಮುತ್ತು. ಮುತ್ತು ಅಳುತ್ತಿದ್ದಳು, ಮೊಣಕಾಲು ತರಚಿತ್ತು, ಅಷ್ಟೇ. ಯಾವುದೋ ಡಬ್ಬಿಯ ಕಬ್ಬಿಣದ ಮೆಟ್ಟಿಲು ಕಸ್ತೂರಿಯ ಎಡಗೈಗೆ ಬಡಿದು ಮೊಣಕೈ ಎರಡು ಕಡೆ ಮುರಿದಿತ್ತು. ಆ ಕೈ ಮುಂದೆ ಎಂದೂ ನೆಟ್ಟಗಾಗಲಿಲ್ಲ.

ಮಧ್ಯಾಹ್ನ ದವಾಖಾನೆಗೆ ಸಾಲೆಯ ಹೆಡ್‌ಮಾಸ್ತರು ಸುಲೋಚನಾ ಅಕ್ಕೋರು ಬಂದರು, ಕೈಯಲ್ಲಿ ಕಿವಿ ಪುಸ್ತಕ. ಹಿಂದೆ ಓಣಿಯ ನಾಲ್ಕು ಜನ, ಅವರಲ್ಲಿ ರೇಣವ್ವ. ಅಕ್ಕೋರು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತರು.

“ಕಸ್ತೂರಿ, ಖರೇ ಹೇಳು. ನಿನಗ ಕೇಳಿಸಿತ್ತೋ ಇಲ್ಲೋ?”

“ಇಲ್ರಿ ಅಕ್ಕೋರ.”

“ಎಷ್ಟ ದಿನದಿಂದ?”

“ಭಾಳ ದಿನಾತ್ರಿ.” ಅವಳು ನನ್ನ ಕಡೆ ನೋಡಲಿಲ್ಲ. “ಅವ್ವಗ ಗೊತ್ತಿರಲಿಲ್ರಿ. ನಾನ ಮೋಸಾ ಮಾಡೇನಿ. ಗೋಡೆ ಮ್ಯಾಲ ಅವ್ವನ ನೆರಳು ಬೀಳತೈತ್ರಿ. ಗಾಡಿ ಕಾಣೂ ಮುಂದ ಅದು ಅಳ್ಳಾಡಿದ ಕೂಡ್ಲೇ ಕೈ ಎತ್ತತಿದ್ದೆ.”

ಎಷ್ಟು ಚೆಂದದ ಸುಳ್ಳು ಅದು. ಯಾವಾಗ ಹೊಲಿದಿಟ್ಟುಕೊಂಡಿದ್ದಳೋ. ಹಿಂದೆ ನಿಂತವರಲ್ಲಿ ಒಬ್ಬರು, “ಮುಂದಾಳು ಅನ್ನೂ ಹೆಸರಿನ ಹುಚ್ಚು, ಮತ್ತೇನು,” ಎಂದರು. ಇನ್ನೊಬ್ಬರು, “ಪಾಪ, ಹೂವಕ್ಕಗ ಏನ್ ಗೊತ್ತಾಗಬೇಕು,” ಎಂದರು. ರೇಣವ್ವ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟಳು. ನಾನು ಬಾಯಿ ತೆರೆಯಲಿಲ್ಲ. ಅಕ್ಕೋರು ಕಸ್ತೂರಿಯ ಅಂಗಿಯಿಂದ ತಗಡಿನ ಬಿಲ್ಲೆ ಬಿಚ್ಚಿ ತೆಗೆದುಕೊಂಡರು. ಆಗಲೂ ತೆರೆಯಲಿಲ್ಲ.

ಮಾರನೆಯ ಬೆಳಿಗ್ಗೆ ಕೈಗೆ ಪಟ್ಟಿ ಕಟ್ಟಿ ಮನೆಗೆ ಕಳುಹಿಸಿದರು. ಕೈ ಹಿಡಿದು ದಾಟಿಸುವವರು ಯಾರೂ ಇರಲಿಲ್ಲ, ಕ್ವಾರಿಯ ಸೇತುವೆಯ ದಾರಿ ಹಿಡಿದೆವು. ಕಲ್ಲುಪುಡಿಯ ದಾರಿ, ನೆರಳಿಲ್ಲ. ಸೇತುವೆಯ ನಡುವೆ ಅವಳಿಗೆ ದಣಿವಾಯಿತು, ಕಟ್ಟೆಯ ಮೇಲೆ ಕುಳಿತಳು. ಕೆಳಗೆ ಹಳಿ ಹೊಳೆಯುತ್ತಿತ್ತು.

“ಅಕ್ಕೋರ ಮುಂದ ಯಾಕ ಹಂಗ ಹೇಳಿದಿ?” ಎಂದೆ.

ಅವಳು ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

“ಮೊದಲನೇ ಸೋಮವಾರ ನೀ ಕೇಳತೀ ಅಂತ ಹಾದಿ ನೋಡಿದೆ ಅವ್ವಾ. ಕೇಳಿದ್ರ ಹೇಳತಿದ್ದೆ. ನಾ ಅಂಗಳದಾಗ ತಡಾ ಮಾಡಿ ಕೂಗಿದ್ದು ನೀ ನೋಡಿದಿ. ನಂಗ ಗೊತ್ತು, ನೀ ನೋಡಿದಿ. ಆದರ ನೀ ಪೆನ್ನು ಹುಡುಕಿದಿ.” ಒಂದು ಕಲ್ಲನ್ನು ಕಾಲಿನಿಂದ ಅಂಚಿಗೆ ತಳ್ಳಿದಳು. “ಆಮ್ಯಾಲ ತಿಳೀತು, ನಿನಗ ಇದು ಗೊತ್ತಾಗೂದು ಬ್ಯಾಡಾಗೇತಿ ಅಂತ. ಅದಕ್ಕ ನಾನೂ ಸುಮ್ಮನಾದೆ.”

“ನಿನಗ ಅಂಜಿಕಿ ಆಗಲಿಲ್ಲೇನ?”

“ದಿನಾ ಆಗತಿತ್ತು,” ಎಂದಳು.

ಹನ್ನೆರಡು ವರ್ಷದ ಹುಡುಗಿ ಒಂಬತ್ತು ಮಕ್ಕಳ ಜೀವವನ್ನು ಏಳು ವಾರ ಒಬ್ಬಳೇ ಹೊತ್ತಿದ್ದಳು. ಹೊರಿಸಿದವಳು ನಾನು. ಮನೆ ಮುಟ್ಟಿದೆವು. ಅವಳನ್ನು ಮಲಗಿಸಿ, ಸೀರೆಯ ಸೆರಗು ಸರಿಮಾಡಿಕೊಂಡು ನೇರ ರೇಣವ್ವನ ಮನೆಗೆ ಹೋದೆ.

ಅವಳು ಮುತ್ತುವನ್ನು ಕಾಲ ಸಂದಿಯಲ್ಲಿ ಕೂಡಿಸಿಕೊಂಡು ತಲೆ ಬಾಚುತ್ತಿದ್ದಳು. “ಬಾ ಅಕ್ಕಾ, ಕಸ್ತೂರಿ ಹೆಂಗದಾಳ?” ಎಂದಳು.

“ರೇಣವ್ವಾ, ಆ ಹುಡುಗಿ ಹೇಳಿದ್ದು ಸುಳ್ಳು. ನನಗ ಗೊತ್ತಿತ್ತು. ಏಳು ಸೋಮವಾರ ನಾ ಗೋದಾಮಿನ ಹತ್ತರ ಹೋಗೇ ಇಲ್ಲ. ಮನಿಯಾಗ ಕುಂತು ಸಹಿ ಮಾಡೇನಿ. ನೀ ಬಂದು ಕೇಳಿದಾಗೂ ಗೊತ್ತಿತ್ತು.”

ಅವಳ ಕೈಯ ಬಾಚಣಿಗೆ ಕೂದಲಲ್ಲೇ ಉಳಿಯಿತು. ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಒಳ್ಳೆಯದಿತ್ತು.

“ನಿನ್ನೆ ರಾತ್ರಿ ಪೂರಾ ನನ್ನ ನಾ ಬೈಕೊಂಡೆ,” ಎಂದಳು ಸಣ್ಣ ದನಿಯಲ್ಲಿ. “ಇನ್ನೂ ಗಟ್ಟಿ ಕೇಳಬೇಕಿತ್ತು, ನನ್ನ ಕೂಸಿನ ಮಾತು ನಂಬಬೇಕಿತ್ತು ಅಂತ. ಕೇಳಿದ್ನಲ್ಲಾ ಹೂವಕ್ಕಾ. ನಿನ್ನ ಬಾಗಲಕ್ಕ ಬಂದು ಕೇಳಿದ್ದೆ. ನೀ ಬರೋಬ್ಬರಿ ಐತಿ ಅಂದಿ.”

ಮುತ್ತುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೋಮವಾರ ಸಾಲೆಯ ಅಂಗಳದಲ್ಲಿ ಎಲ್ಲ ಹೆತ್ತವರನ್ನು ಕರೆದಿದ್ದರು. ಎದ್ದು ನಿಂತು ಅದೇ ಮಾತನ್ನು ಮತ್ತೆ ಹೇಳಿದೆ. ಯಾರೋ ಉಗುಳಿದರು. ಯಾರೋ ಒಬ್ಬ ಗಂಡಸು ತಾನು ಕೂಡ ಮೂರು ಸೋಮವಾರ ಹಾಗೇ ಸಹಿ ಹಾಕಿದ್ದೇನೆಂದು ಮೆಲ್ಲಗೆ ಹೇಳಿದ, ಆಮೇಲೆ ಇನ್ನೊಬ್ಬಳು. ಅಕ್ಕೋರು ಕನ್ನಡಕ ತೆಗೆದು ಒರೆಸಿ, ಇನ್ನು ಮೇಲೆ ಯಾರೂ ತಮ್ಮ ಮಗುವಿನ ಕಿವಿಯನ್ನು ತಾವೇ ನೋಡಿ ಸಹಿ ಹಾಕುವಂತಿಲ್ಲ, ಬೇರೆ ಮನೆಯವರೇ ನೋಡಬೇಕು ಎಂದು ನಿಯಮ ಮಾಡಿದರು. ನನ್ನ ಖಾನಾವಳಿಯ ಕೆಲಸ ಹೋಯಿತು. ಆರು ತಿಂಗಳ ಮೇಲೆ ಕ್ವಾರಿಯ ಕೂಲಿಗಳಿಗೆ ರೊಟ್ಟಿ ಮಾಡುವ ಕೆಲಸ ಸಿಕ್ಕಿತು. ಕಸ್ತೂರಿ ದಿನಾ ಒಂದೂವರೆ ತಾಸು ಮೊದಲೇ ಎದ್ದು ಸೇತುವೆಯ ದಾರಿಯಲ್ಲಿ ಸಾಲೆಗೆ ಹೋಗುತ್ತಿದ್ದಳು, ನಾನು ಜೊತೆಗೆ. ಆ ದಾರಿಯಲ್ಲಿ ಅವಳು ನನ್ನೊಡನೆ ಮೊದಲು ಒಂದೆರಡು ಮಾತಾಡಿದಳು, ಆಮೇಲೆ ಹೆಚ್ಚು. ಬಲಗೈಯಲ್ಲೇ ಜಡೆ ಹೆಣೆದುಕೊಳ್ಳಲು ಕಲಿತಳು. ರೇಣವ್ವ ಎರಡು ವರ್ಷ ನನ್ನ ಕಡೆ ತಿರುಗಿ ನೋಡಲಿಲ್ಲ.

ಮುತ್ತುವಿಗೆ ಏಳು ತುಂಬಿದ ವಾರ, ಸೋಮವಾರ ಬೆಳಿಗ್ಗೆ, ಬಾಗಿಲು ಬಡಿದ ಸದ್ದಾಯಿತು. ತೆರೆದರೆ ರೇಣವ್ವ. ಪಕ್ಕದಲ್ಲಿ ಮುತ್ತು, ಎಣ್ಣೆ ಹಚ್ಚಿ ಬಾಚಿದ ತಲೆ. ರೇಣವ್ವ ಪುಸ್ತಕವನ್ನು ನನ್ನ ಕೈಗೆ ಹಿಡಿಸಿದಳು.

“ಇದರ ಕಿವಿ ನೀನ ನೋಡು,” ಎಂದಳು. ಒಲೆ ಆರಿಸಿ ಹೊರಟೆ.

ಗೋದಾಮಿನ ಗೋಡೆಗೆ ಮುಖ ಮಾಡಿ ಮುತ್ತು ನಿಂತಳು. ನಾನು ಅವಳಿಂದ ದೂರ, ನೆರಳು ಗೋಡೆಗೆ ಬೀಳದ ಕಡೆ ನಿಂತೆ. ಮುಕ್ಕಾಲು ತಾಸಿನ ಮೇಲೆ ಅವಳ ಕೈ ಏರಿತು. ತಿರುಗಿ ನೋಡಿದೆ. ಇಂಜಿನ್ನು ಆಗಲೇ ತಿರುವಿನಲ್ಲಿತ್ತು. ಕೈ ಮೊದಲೋ ಇಂಜಿನ್ನು ಮೊದಲೋ ನನಗೆ ಖಚಿತವಾಗಲಿಲ್ಲ.

“ಎತ್ತಿದ್ಲಲ್ಲಾ,” ಎಂದಳು ರೇಣವ್ವ. ಅವಳ ದನಿಯಲ್ಲಿ ಅವಸರವಿತ್ತು. ಬಿಸಿಲು ಏರುತ್ತಿತ್ತು, ಮನೆಯಲ್ಲಿ ಅವಳಿಗೆ ನೂರು ಕೆಲಸಗಳಿದ್ದವು. “ಕೇಳಿಸಿತಲ್ಲಾ. ಸಹಿ ಮಾಡು, ಹೋಗೂಣು.”

ಪೆನ್ನು ನನ್ನ ಕೈಯಲ್ಲೇ ಇತ್ತು. ಮುತ್ತು ಗೋಡೆಯ ಕಡೆಯಿಂದ ಅರ್ಧ ಹೊರಳಿ ನಮ್ಮಿಬ್ಬರ ಮುಖ ನೋಡುತ್ತಿದ್ದಳು.

“ಇನ್ನೊಂದು ಗಾಡಿ ಬರಲಿ,” ಎಂದೆ.

ರೇಣವ್ವ ನನ್ನನ್ನು ನೋಡಿದಳು. ಆಮೇಲೆ ಮಗಳ ತಲೆಯ ಮೇಲೆ ಸೆರಗು ಹೊದಿಸಿ, ಮತ್ತೆ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಬಂದು, ನನ್ನ ಪಕ್ಕ ಕಲ್ಲಿನ ಮೇಲೆ ಕುಳಿತಳು.